ಗುಜರಿಗೆ ಮುನ್ನ

ನಮ್ಮ ಸಂಘದ ಕಚೇರಿಯ ಗಣಕಯಂತ್ರವನ್ನು ಗುಜರಿಗೆ ಹಾಕಬೇಕೆಂಬ ಸಲಹೆ ಕಾರ್ಯಕಾರಿ ಸಮಿತಿಯ ಮುಂದಿದೆ. ಯಂತ್ರವೇನೂ ಕೆಟ್ಟಿಲ್ಲ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಳವಡಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿರಬೇಕು. ನಮ್ಮದು ಆರನೆಯದು. ದುಡಿಯುವ ಶಕ್ತಿಯಿದ್ದರೂ ದಿನಾಂಕ ನೋಡಿ ನಿವೃತ್ತಿ! ಐವತ್ತು ದಾಟಿದ ಕೇಂದ್ರ ಸರ್ಕಾರಿ ನೌಕರನಾದ ನನಗೆ ಈ ನ್ಯಾಯ ಅಪರಿಚಿತವೇನಲ್ಲ.

ಬೆಂಬಲವಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿಟ್ಟುಕೊಳ್ಳುವುದು ಅಪಾಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಪಿಡುಗು ಜಗತ್ತಿನಾದ್ಯಂತ ಹರಡಿದಾಗ, 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಆ ಸಂಸ್ಥೆ ತುರ್ತು ಪರಿಹಾರ ಒದಗಿಸಬೇಕಾಯಿತು. ಅಂಥ ಕೃಪೆಯನ್ನು ನೆಚ್ಚಿ ಕೂರಲಾಗದು.

ಆದರೆ ನನ್ನ ಚಿಂತೆ ಯಂತ್ರದ್ದಲ್ಲ, ಅದರ ಹೊಟ್ಟೆಯೊಳಗಿರುವ ಕನ್ನಡದ್ದು. ಈ ಪತ್ರಿಕೆಯ ಹಳೆಯ ಸಂಚಿಕೆಗಳು ಅಲ್ಲಿ ಪೇಜ್‌ಮೇಕರ್ ಕಡತಗಳಾಗಿ, ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿವೆ. ಕಾಗದದ ಪ್ರತಿಗಳಲ್ಲಿ ಹಲವು 2006ರ ಆಗಸ್ಟ್‌ನ ತಾಪಿ ನೆರೆಯಲ್ಲಿ ಹೋದವು. ಸದಸ್ಯರೊಬ್ಬರ ಮೂರನೆಯ ಮಹಡಿಯ ಮನೆಯಲ್ಲಿದ್ದ ಸಿ.ಡಿ.ಗಳಿಂದ ಇವು ಉಳಿದುಬಂದವು. 1994ರ ಪ್ಲೇಗಿನ ದಿನಗಳಲ್ಲಿ ಸೂರತ್ತಿನಿಂದ ಜನ ರೈಲು ತುಂಬಿ ಹೊರಟಾಗ ಇಲ್ಲೇ ಉಳಿದ ಕನ್ನಡ ಕುಟುಂಬಗಳ ನೆನಪುಗಳು, ಹಜೀರಾದ ಅನಿಲ, ಗೊಬ್ಬರ, ಉಕ್ಕಿನ ಕಾರ್ಖಾನೆಗಳಿಗೆ ಬಂದ ಮೊದಲಿಗರ ಬರಹಗಳು ಇರುವುದು ಅಲ್ಲಿ ಮಾತ್ರ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ವಿಂಡೋಸ್‌ನಲ್ಲಿ ಅದು ಬಳಕೆಗೆ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದಕ್ಕೂ ಮುಂಚೆ, ಆಮೇಲೂ ಬಹುಕಾಲ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸಿದೆವು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಜೋಡಣೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಡತ ನಕಲು ಮಾಡಿಕೊಂಡರೆ ಸಾಕೆನ್ನುವ ಮಿತ್ರರು ಇದನ್ನು ಗಮನಿಸಬೇಕು.

ಹೀಗಾಗಿ ಸಮಿತಿಗೆ ನನ್ನ ಸೂಚನೆ ಇಷ್ಟು: ಯಂತ್ರದ ಅಂತರ್ಜಾಲ ಸಂಪರ್ಕ ತೆಗೆದು, ಪ್ರತಿ ಸಂಚಿಕೆಯನ್ನೂ ಮೂಲ ಅಕ್ಷರಶೈಲಿಯಲ್ಲೇ ತೆರೆದು ಪಿಡಿಎಫ್ ಮಾಡಬೇಕು, ಬಳಿಕ ಬರಹವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು. ಅದಾದ ಮೇಲೆ ಅದೇ ಯಂತ್ರಕ್ಕೆ ಲಿನಕ್ಸ್ ಹಾಕಬಹುದು. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇದನ್ನೇ ಬಳಸುತ್ತಿವೆ. ಹೊಸ ಗಣಕದ ಖರೀದಿಯನ್ನು ಆಗ ನಿಧಾನವಾಗಿ ಚರ್ಚಿಸೋಣ.

ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತವೆ. ಮೂಲದ ಪಕ್ಕದಲ್ಲಿಟ್ಟು ಮನುಷ್ಯರೇ ತಿದ್ದಬೇಕು. ನಮ್ಮ ಮಕ್ಕಳಲ್ಲಿ ಬಹುಪಾಲು ಗುಜರಾತಿ, ಹಿಂದಿ, ಇಂಗ್ಲಿಷ್ ಓದಿದವರು. ಕನ್ನಡದ ಕರಡು ತಿದ್ದಬಲ್ಲವರು ಸಂಘದಲ್ಲಿ ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ನಿವೃತ್ತಿಯ ಬಳಿಕ ಊರಿಗೆ ಹಿಂತಿರುಗುವ ಸಿದ್ಧತೆಯಲ್ಲಿದ್ದಾರೆ. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ದಯವಿಟ್ಟು ಕಾರ್ಯದರ್ಶಿಗಳಲ್ಲಿ ಹೆಸರು ನೋಂದಾಯಿಸಿ. ಮನೆಯಲ್ಲಿ ಹಳೆಯ ಸಂಚಿಕೆಗಳೋ ಸಿ.ಡಿ.ಗಳೋ ಇದ್ದರೆ ಮುಂದಿನ ಮಾಸಿಕ ಸಭೆಗೆ ತನ್ನಿ.