ಎಂಟು ತಟ್ಟೆಯ ಊಟ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಕೊಟ್ಟಾರ)

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಏನನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ವಿವೇಕ ಈ ಗಾದೆಯಲ್ಲಿದೆ. ಯಾರ ಜೊತೆಯಲ್ಲಿ ಕುಳಿತು ತಿನ್ನಬೇಕು ಎಂಬ ಮಾತು ಅದರಲ್ಲಿಲ್ಲ. ಈ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ದೊಡ್ಡದೆಂದು ನನಗೆ ತೋರಿದುದು ಕಳೆದ ದೀಪಾವಳಿಯ ರಜೆಯಲ್ಲಿ, ಬೆಂಗಳೂರಿನ ಒಂದು ದೊಡ್ಡ ಇಟಾಲಿಯನ್ ಹೋಟೆಲಿನಲ್ಲಿ. ಅಲ್ಲಿ ಹೊಳೆದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪೆನಿಯ ನೌಕರ. ನನ್ನನ್ನು ತನ್ನ ತಂಗಿಯೆಂದೇ ಭಾವಿಸಿದವನು. ಬಡ್ತಿ ಸಿಕ್ಕಿದ ಸಂತೋಷಕ್ಕೆ ಅಲ್ಲಿಗೆ ಕರೆದುಕೊಂಡು ಹೋದನು. ಅಲ್ಲಿ ನಮಗೆ ಬೇಕಾದುದನ್ನು ನಾವು ಹೇಳುವ ಪದ್ಧತಿಯಿಲ್ಲ. ಅಡುಗೆಯವನು ನಿಶ್ಚಯಿಸಿದ ಎಂಟು ತಿನಿಸುಗಳು ಒಂದರ ಹಿಂದೊಂದು ಬರುತ್ತವೆ. ಅಂಗೈಯಗಲದ ತಿನಿಸಿಗೆ ಮೊರದಗಲದ ತಟ್ಟೆ! ಇಟಲಿಯವರ ಊಟದ ಕ್ರಮದಂತೆ ಮೊದಲು ‘ಆಂಟಿಪಾಸ್ತೊ’ ಎಂಬ ಹಸಿವು ಕೆರಳಿಸುವ ತಿನಿಸುಗಳು, ಅನಂತರ ‘ಪ್ರಿಮೊ’ ಎಂಬ ಹಿಟ್ಟಿನ ಅಥವಾ ಅಕ್ಕಿಯ ಖಾದ್ಯ, ಆ ಮೇಲೆ ‘ಸೆಕೊಂಡೊ’ ಎಂಬ ಮೀನು ಮಾಂಸ, ಕಟ್ಟಕಡೆಗೆ ‘ಡೋಲ್ಚೆ’ ಎಂಬ ಸಿಹಿ. ನಾಲ್ಕನೆಯ ತಟ್ಟೆಯಲ್ಲಿ ಬಂದುದು ರಿಸೊಟ್ಟೊ. ಗಿಡ್ಡಕ್ಕಿಗೆ ಸೌಟು ಸೌಟಾಗಿ ಬಿಸಿ ಸಾರು ಹೊಯ್ಯುತ್ತ, ಕೈ ಬಿಡದೆ ತಿರುವಿ, ಅಕ್ಕಿಯ ಗಂಜಿಯಲ್ಲಿಯೇ ಅದು ಮಂದವಾಗುವಂತೆ ಬೇಯಿಸಿದ ಪದಾರ್ಥ. ನನ್ನ ಅಜ್ಜಿ ಕಂಡಿದ್ದರೆ, “ಇದು ನೀರು ಕಡಿಮೆಯಾದ ಗಂಜಿಯಲ್ಲವಾ ಮಗಾ?” ಎನ್ನುತ್ತಿದ್ದಳು. ಆದರೆ ರುಚಿ ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ? ಎಂಟೂ ಚೆನ್ನಾಗಿದ್ದುವು.

ಬಡಿಸುತ್ತಿದ್ದ ಹುಡುಗ ಪ್ರತಿಯೊಂದು ತಟ್ಟೆಯನ್ನೂ ಇಟ್ಟು ಅದರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದನು. ಯಾವ ಮುಳ್ಳುಚಮಚ ಎತ್ತಬೇಕೆಂದು ತಿಳಿಯದೆ ನಾನು ತಡಕಾಡುವುದನ್ನು ಕಂಡು, ಅಣ್ಣನು ಫೋನಿನಲ್ಲಿ ಮಾತನಾಡಲು ಎದ್ದು ಹೋದಾಗ, ಮೆಲ್ಲನೆ, “ನೀವು ಮಂಗಳೂರು ಕಡೆಯವರಾ?” ಎಂದನು. “ಹೌದು ಮಾರಾಯ್ರೆ, ಕೊಟ್ಟಾರ” ಎಂದೆ. ಅವನು ಪುತ್ತೂರಿನ ಕಡೆಯವನು. “ಹೊರಗಿನದ್ದರಿಂದ ಒಳಗೆ ಬನ್ನಿ, ಅಷ್ಟೆ. ತಪ್ಪಿದರೆ ಯಾರೂ ಕೇಳುವುದಿಲ್ಲ” ಎಂದು ಧೈರ್ಯ ಹೇಳಿದನು. ಇದನ್ನೆಲ್ಲ ನೀವೂ ತಿನ್ನುತ್ತೀರಾ ಎಂದು ಕೇಳಿದೆ. “ಒಂದೊಂದು ಚಮಚ ರುಚಿ ನೋಡಲು ಕೊಡುತ್ತಾರೆ, ವಿವರಿಸಬೇಕಲ್ಲ?” ಎಂದು ನಕ್ಕನು.

ಬಿಲ್ಲು ತೆರಿಗೆ ಸೇರಿ ಒಬ್ಬರಿಗೆ 4,500 ರೂಪಾಯಿ. ನನ್ನ ಅಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾಳೆ. ದಿನಕ್ಕೆ 700 ಕಟ್ಟಿದರೆ ಹೆಚ್ಚು. ಸಾವಿರ ಬೀಡಿಯನ್ನು ಬ್ರಾಂಚಿಗೆ ಕೊಟ್ಟರೆ ಅವಳ ಕೈಗೆ ಬರುವ ಮಜೂರಿ 300 ರೂಪಾಯಿಗೆ ಮುಟ್ಟುವುದಿಲ್ಲ. ನಾನು ಎರಡೂವರೆ ಗಂಟೆಯಲ್ಲಿ ತಿಂದು ಮುಗಿಸಿದುದು ಅವಳ ಹದಿನೈದು ಸಾವಿರಕ್ಕೂ ಹೆಚ್ಚು ಬೀಡಿಗಳನ್ನು, ಎಂದರೆ ಮೂರು ವಾರದ ದುಡಿಮೆಯನ್ನು. ಊರಿಗೆ ಬಂದು ಅಳುಕುತ್ತಲೇ ಇದನ್ನು ಹೇಳಿದೆ. ಅಮ್ಮ ಬೈಯಲಿಲ್ಲ. ಎಲೆ ಕತ್ತರಿಸುತ್ತಿದ್ದ ಕತ್ತರಿಯನ್ನು ನಿಲ್ಲಿಸಿ, “ಬಡಿಸಿದ ಆ ಹುಡುಗನದ್ದು ಊಟ ಆಗಿತ್ತಾ?” ಎಂದಳು. ನಾನು ಕೇಳಿರಲಿಲ್ಲ.

ನಮ್ಮ ತರಗತಿಯಲ್ಲಿ ಈ ಸಂಗತಿ ಹೇಳಿದಾಗ ಎರಡು ಪಕ್ಷಗಳಾದುವು. ಒಂದು ಪಕ್ಷದವರು, “ಇದು ಪರದೇಶದವರ ಅನುಕರಣೆ, ದುಡ್ಡಿನ ಮದ” ಎಂದರು. ಇನ್ನೊಂದು ಪಕ್ಷದವರು, “ಇದೇ ನಾಗರಿಕತೆ, ನಾವೂ ಕಲಿಯಬೇಕು” ಎಂದರು. ಇವೆರಡೂ ಅರ್ಧ ಸತ್ಯಗಳೆಂದು ನನ್ನ ನಮ್ರ ಅಭಿಪ್ರಾಯ.

ಕ್ರಮವಾಗಿ ಬಡಿಸುವುದು ಪರದೇಶದವರ ಸೊತ್ತೇನೂ ಅಲ್ಲ. ಯುರೋಪಿನ ಶ್ರೀಮಂತರ ಮೇಜಿನಲ್ಲಿಯೇ ಹಲವು ಪಾತ್ರೆಗಳನ್ನು ಒಟ್ಟಿಗೆ ತಂದಿಡುವ ಫ್ರೆಂಚ್ ಪದ್ಧತಿಯಿತ್ತು. ಒಂದಾದ ಮೇಲೊಂದನ್ನು ತರುವ ರಷ್ಯನ್ ಪದ್ಧತಿ ಅಲ್ಲಿ ಹರಡಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ನಮ್ಮ ಬಾಳೆಯೆಲೆಗಾದರೋ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಸಾರು, ಹುಳಿ, ಪಾಯಸ, ಮಜ್ಜಿಗೆ ಎಂಬ ಕ್ರಮವಿದೆ. ಇಟಲಿಯ ಅಡುಗೆಯೂ ಅರಮನೆಯಿಂದ ಮಾತ್ರ ಬಂದುದಲ್ಲ. ಇಂದು ದೊಡ್ಡ ಹೋಟೆಲುಗಳಲ್ಲಿ ಮೆರೆಯುವ ಪೊಲೆಂಟಾ ಎಂಬ ಮೆಕ್ಕೆಜೋಳದ ಮುದ್ದೆ ಉತ್ತರ ಇಟಲಿಯ ಬಡ ರೈತರ ಅನ್ನವಾಗಿತ್ತು. ಅದೊಂದನ್ನೇ ತಿಂದು ಬದುಕಬೇಕಾದ ಸಾವಿರಾರು ಮಂದಿ ಪೆಲ್ಲಾಗ್ರ ಎಂಬ ರೋಗಕ್ಕೆ ತುತ್ತಾದರು. ಬಡವನ ಮುದ್ದೆ ಬೆಳ್ಳಿಯ ತಟ್ಟೆಯೇರಿದರೆ ಅವಮಾನವೇನಿಲ್ಲ. ಬಡವನು ಮಾತ್ರ ಕೆಳಗೇ ಉಳಿದರೆ ಅದು ಯೋಚಿಸತಕ್ಕ ವಿಷಯ.

ಇನ್ನು ಇಟಲಿಯವರನ್ನು ಹೊರಗಿನವರೆನ್ನುವುದು ಮಂಗಳೂರಿನವರ ಬಾಯಿಗೆ ಒಪ್ಪದು. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿಯೇ ಇಲ್ಲಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿ ಬರೆದಿಟ್ಟಿದ್ದಾನೆ. 1878ರ ಕೊನೆಯ ದಿನ ಬಂದಿಳಿದ ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಎಲೋಶಿಯಸ್ ಕಾಲೇಜನ್ನು ತೆರೆದರು. ಅಲ್ಲಿನ ಪ್ರಾರ್ಥನಾಮಂದಿರದ ಗೋಡೆ ಮಾಡುಗಳಲ್ಲಿ ಇಂದಿಗೂ ನಾವು ತಲೆಯೆತ್ತಿ ನೋಡುವ ಚಿತ್ರಗಳು ಇಟಲಿಯ ಆಂಟೋನಿಯೊ ಮೊಸ್ಕೆನಿಯ ಕೈಯವು.

ಹಾಗೆಂದು ಎರಡನೆಯ ಪಕ್ಷಕ್ಕೂ ನಾನು ಸೇರಲಾರೆ. ಮುಳ್ಳುಚಮಚ ಹಿಡಿಯುವುದು ನಾಗರಿಕತೆಯಾದರೆ ಅದನ್ನು ಕಲಿಯಲು ನನಗೆ ಹತ್ತು ನಿಮಿಷ ಸಾಕಾಯಿತು. ನಾಗರಿಕತೆ ಅಷ್ಟು ಅಗ್ಗವೆ? ನಮ್ಮ ಬಾಳೆಯೆಲೆಯನ್ನು ಹೊಗಳಲು ಹೊರಟರೂ ನನ್ನ ನಾಲಗೆ ತಡೆಯುತ್ತದೆ. ನನ್ನ ಅಜ್ಜಿ ಹುಡುಗಿಯಾಗಿದ್ದಾಗ ಒಂದು ದೊಡ್ಡ ಮನೆಯ ಮದುವೆಗೆ ತಾಯಿಯೊಡನೆ ಹೋಗಿ, ಮೂರು ದಿನ ಪಾತ್ರೆ ತೊಳೆದು, ಎಲ್ಲರ ಪಂಕ್ತಿ ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಕುಳಿತು ಉಂಡವಳು. ಎತ್ತರದಿಂದ ಎಲೆಗೆ ಬಿದ್ದ ಪಾಯಸದ ರುಚಿ ಅವಳಿಗೆ ಈಗಲೂ ನೆನಪಿದೆ, ಆ ಎತ್ತರವೂ ನೆನಪಿದೆ. ಬೆಂಗಳೂರಿನ ಆ ಹೋಟೆಲಿನಲ್ಲಿ ನನ್ನ ಕುಲವನ್ನು ಯಾರೂ ಕೇಳಲಿಲ್ಲ. ಇದು ಸಣ್ಣ ಮಾತಲ್ಲ, ಒಪ್ಪಿಕೊಳ್ಳಬೇಕು. ಆದರೆ ಅಂದು ಬಾಗಿಲಲ್ಲಿ ಕುಲ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನು ಇಂದು ಹಣ ನಿಂತು ಕೇಳುತ್ತಿದೆ. ಅಂದು ಅಜ್ಜಿ, ಇಂದು ಆ ಪುತ್ತೂರಿನ ಹುಡುಗ. ಅವನು ನಾಳೆ ಹಣ ಗಳಿಸಿ ಒಳಗೆ ಬರಬಹುದು, ಅಜ್ಜಿ ಏನು ಗಳಿಸಿದರೂ ಬರುವಂತಿರಲಿಲ್ಲ. ವ್ಯತ್ಯಾಸ ದೊಡ್ಡದು. ಆದರೂ ಬಡಿಸುವವನಿಗೆ ಎಲೆಯಿಲ್ಲದ ಊಟ ಅಂದೂ ಇತ್ತು, ಇಂದೂ ಇದೆ.

ಈ ಅಂತರವನ್ನು ಅಳಿಸಲು ದುಡಿದವರು ನಮ್ಮ ಸುತ್ತಮುತ್ತಲೇ ಇದ್ದರು. ಕುದ್ಮುಲ್ ರಂಗರಾಯರು 1892ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದುದು ನಮ್ಮ ಕೊಟ್ಟಾರದ ನೆರೆಯ ಉರ್ವ ಚಿಲಿಂಬಿಯಲ್ಲಿ. ಅನ್ಯರ ಗುಡಿಗಳಲ್ಲಿ ಪ್ರವೇಶವಿಲ್ಲದವರಿಗಾಗಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದುದು 1912ರಲ್ಲಿ. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಕೇರಳದ ಚೆರಾಯಿಯಲ್ಲಿ ಹಲವು ಜಾತಿಯವರನ್ನು ಒಟ್ಟಿಗೆ ಕೂರಿಸಿ ಮಿಶ್ರಭೋಜನ ನಡೆಸಿದರು. ಅಂದಿನ ಊಟ ಬಹಳ ಸರಳ. ಆದರೆ ಅದನ್ನು ಉಂಡವರು ತಮ್ಮ ಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ನಾನು ತೆತ್ತ, ಅಲ್ಲ, ಅಣ್ಣ ತೆತ್ತ 4,500 ರೂಪಾಯಿಗಿಂತ ಅದು ದುಬಾರಿಯಾದ ಊಟ.

ನಾನು ಕಂಡ ಅತ್ಯುತ್ತಮ ಪಂಕ್ತಿ ಶಾಲೆಯ ಬಿಸಿಯೂಟದ್ದು. ಶಾಲೆಗಳಲ್ಲಿ ಬೇಯಿಸಿದ ಅನ್ನ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆಜ್ಞಾಪಿಸಿತು. ಅದರ ಫಲವನ್ನು ಉಂಡು ಬೆಳೆದವಳು ನಾನು. ಉದ್ದನೆಯ ವರಾಂಡದಲ್ಲಿ ಚಕ್ಕಳಮಕ್ಕಳ ಕುಳಿತು, ಪಕ್ಕದವಳ ಮೊಣಕೈ ತಾಗುತ್ತ, ಒಂದೇ ಪಾತ್ರೆಯ ಅನ್ನ ಸಾಂಬಾರು ಉಂಡೆವು. ಅಲ್ಲಿಯೂ ಎಲ್ಲವೂ ಸರಿಯಿಲ್ಲ. ಅಡುಗೆಯವಳ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಪತ್ರಿಕೆಗಳಲ್ಲಿ ಬಂದಿವೆ. ಆದರೂ ಆ ಪಂಕ್ತಿಯಲ್ಲಿ ಕುಳಿತುದರಿಂದಲೇ ನನ್ನ ಮನೆಯಲ್ಲಿ ಮೊದಲ ಬಾರಿಗೆ ಒಬ್ಬಳು ಪದವಿಯ ಕೊನೆಯ ವರ್ಷಕ್ಕೆ ಬಂದಿದ್ದಾಳೆ.

ಕೊನೆಗೊಂದು ಬಿನ್ನಹ. ಅಧ್ಯಾಪಕ ಮಹಾಶಯರು ಮನ್ನಿಸಬೇಕು. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಊಟಕ್ಕೆ ಅತಿಥಿಗಳಿಗೆ ಒಂದು ಕೋಣೆ, ತಮಗೆ ಇನ್ನೊಂದು, ನಮಗೆ ವರಾಂಡ. ಕಸ ಗುಡಿಸುವ ಅಕ್ಕನಿಗೂ ಜವಾನರಿಗೂ ಎಲ್ಲರದೂ ಮುಗಿದ ಮೇಲೆ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದುದಲ್ಲ, ನಡೆದು ಬಂದುದು ನಡೆಯುತ್ತಿದೆ. ಬರುವ ವರ್ಷದಿಂದ ಒಂದೇ ಪಂಕ್ತಿ ಹಾಕೋಣ. ಮೊದಲು ಅಂತಿಮ ವರ್ಷದವರು ಬಡಿಸಲಿ, ಅವರು ಕುಳಿತಾಗ ಉಂಡೆದ್ದವರು ಬಡಿಸಲಿ. ಆಗ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ಬಡಿಸಲು ಕರೆದರೆ ಕೊಟ್ಟಾರದಿಂದ ನಡೆದೇ ಬರುತ್ತೇನೆ.

ಮುಂದೆ ನೌಕರಿ ಹಿಡಿದು ಸಂಬಳ ಕಾಣುವ ಗೆಳೆಯ ಗೆಳತಿಯರೇ, ಎಂಟು ತಟ್ಟೆಯ ಊಟವನ್ನು ಉಣ್ಣಬೇಡಿರೆಂದು ನಾನು ಹೇಳುವುದಿಲ್ಲ. ಆ ಅಡುಗೆಯವರ ಕೈಚಳಕಕ್ಕೆ ಬೆಲೆ ಸಲ್ಲಲೇಬೇಕು. ನಾನೂ ಒಂದು ದಿನ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆದರೆ ಹೋದಾಗ ಬಡಿಸುವವರನ್ನು, ನಿಮ್ಮದು ಊಟ ಆಯಿತೇ ಎಂದು ಒಂದು ಮಾತು ಕೇಳಿರಿ. ನಾನು ಮರೆತ ಮಾತನ್ನು ನೀವು ಮರೆಯದಿರಿ.