ಎಳೆಗೂಸಿನ ಅಂತ್ಯಶುಶ್ರೂಷೆ

ನವಜಾತ ಶಿಶುಗಳ ತೀವ್ರ ನಿಗಾ ಘಟಕವೆಂದರೆ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುವ ಕೂಸನ್ನು ಮೃತ್ಯುವಿನ ಕೈಯಿಂದ ಬಿಡಿಸಿಕೊಂಡು ಬರುವ ಸ್ಥಳವೆಂದು ಲೋಕ ತಿಳಿದಿದೆ. ಈ ತಿಳಿವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅಲ್ಲಿಗೆ ಬಂದ ಕೂಸುಗಳೆಲ್ಲ ಉಳಿಯುವುದಿಲ್ಲ. ಉಳಿಯಲಾರದ ಕೂಸಿನ ಕೊನೆಯ ಗಳಿಗೆಗಳನ್ನು ಕಾಯುವವಳು ದಾದಿ. ವೈದ್ಯರು ಬಂದು ನೋಡಿ ಹೋಗುತ್ತಾರೆ. ತಾಯಿ ಎಷ್ಟೋ ಸಲ ಹೆರಿಗೆಯ ವಾರ್ಡಿನಲ್ಲಿಯೇ ಮಲಗಿರುತ್ತಾಳೆ. ಪಾಳಿ ಮುಗಿಯುವವರೆಗೆ ಕೂಸಿನ ಪಕ್ಕದಲ್ಲಿ ನಿಲ್ಲುವವಳು ದಾದಿಯೇ. ಅವಳ ಈ ಕೆಲಸಕ್ಕೆ ಸಲ್ಲತಕ್ಕ ಮನ್ನಣೆ ಇನ್ನೂ ಸಂದಿಲ್ಲ.

ಇಂಥ ಘಟಕಗಳ ಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಯೇಲ್-ನ್ಯೂಹೇವನ್ ಆಸ್ಪತ್ರೆಯಲ್ಲಿ ಲೂಯಿಸ್ ಗ್ಲಕ್ ಅವರು 1960ರಲ್ಲಿ ತೆರೆದದ್ದು ಮೊದಮೊದಲಿನವುಗಳಲ್ಲೊಂದು. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನೆಡಿಯವರ ಗಂಡುಕೂಸು ಅಕಾಲದಲ್ಲಿ ಹುಟ್ಟಿ, ಉಸಿರಾಟದ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡಿತು. ಅಂಥ ಕೂಸುಗಳು ಇಂದು ಸಾಮಾನ್ಯವಾಗಿ ಉಳಿಯುತ್ತವೆ. ಆದರೆ ಯಂತ್ರದ ಶಕ್ತಿ ಬೆಳೆದಂತೆ ಒಂದು ಪ್ರಶ್ನೆಯೂ ಬೆಳೆಯಿತು: ಗುಣವಾಗುವ ಆಸೆಯಿಲ್ಲದ ಕಡೆ ಉಸಿರನ್ನು ಎಲ್ಲಿಯವರೆಗೆ ಎಳೆಯಬೇಕು? 1973ರಲ್ಲಿ ಅದೇ ಆಸ್ಪತ್ರೆಯ ವಿಶೇಷ ಘಟಕದಲ್ಲಿ ಸಂಭವಿಸಿದ 299 ಸಾವುಗಳನ್ನು ಪರಿಶೀಲಿಸಿದ ಡಫ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು, ಅವುಗಳಲ್ಲಿ 43 ಚಿಕಿತ್ಸೆಯನ್ನು ತಡೆಹಿಡಿದುದಕ್ಕೆ ಸಂಬಂಧಿಸಿದವೆಂದು ಬಹಿರಂಗವಾಗಿ ಬರೆದರು.

ಅಂದಿನಿಂದ ನಡೆದ ವಾದವಿವಾದವು ಬಹುಮಟ್ಟಿಗೆ ವೈದ್ಯ, ತಂದೆತಾಯಿ, ನ್ಯಾಯಾಲಯ ಇವರ ಸುತ್ತಲೇ ಸುತ್ತಿತು. ನಿರ್ಧಾರ ಯಾರದೇ ಇರಲಿ, ಅದನ್ನು ತನ್ನ ಕೈಯಿಂದ ನಡೆಸಬೇಕಾದವಳ ಮಾತನ್ನು ಕೇಳಿದವರು ಕಡಿಮೆ. ಇನ್ನು ಫಲವಿಲ್ಲವೆಂದು ಅರಿತ ಬಳಿಕವೂ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕಾದವಳು ಅವಳು. ಸರಿಯಾದುದನ್ನು ಬಲ್ಲೆ, ಆದರೆ ಮಾಡುವ ಅಧಿಕಾರವಿಲ್ಲ ಎಂಬ ಈ ಸ್ಥಿತಿಗೆ ಆಂಡ್ರ್ಯೂ ಜೇಮ್‌ಟನ್ ಎಂಬ ಚಿಂತಕರು, ದಾದಿಯರ ವೃತ್ತಿಧರ್ಮವನ್ನು ಕುರಿತು ಬರೆದ 1984ರ ಗ್ರಂಥದಲ್ಲಿ, ‘ನೈತಿಕ ಸಂಕಟ’ವೆಂಬ ಅರ್ಥದ ಹೆಸರನ್ನಿಟ್ಟರು.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಇಂದು ನವಜಾತ ಶಿಶುಗಳ ವಿಶೇಷ ಘಟಕಗಳಿವೆ. ಇಲ್ಲಿ ಆ ಸಂಕಟಕ್ಕೆ ಮತ್ತೊಂದು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಹಲವು ಮನೆತನಗಳ ಸಂಪ್ರದಾಯದಂತೆ ಎಳೆಗೂಸಿಗೆ ದಹನವಿಲ್ಲ, ಮಣ್ಣು ಮಾಡುವುದು. ದೀರ್ಘವಾದ ಕರ್ಮಾಂತರಗಳಿಲ್ಲ, ಎಷ್ಟೋ ವೇಳೆ ಹೆಸರೂ ಇರುವುದಿಲ್ಲ. ಬೇಗ ಮರೆಯಲೆಂಬ ಕರುಣೆ ಇದರ ಹಿಂದೆ ಇದ್ದೀತು. ಆದರೆ ದುಃಖಕ್ಕೆ ವಿಧಿಯಿಲ್ಲವೆಂದ ಮಾತ್ರಕ್ಕೆ ದುಃಖವೇ ಇಲ್ಲವೆಂದಾಗುವುದೆ? ಅಲ್ಲಿ ನಡೆಯುವ ಒಂದೇ ವಿಧಿ ದಾದಿಯದು. ಅವಳು ಕೊಳವೆಗಳನ್ನೂ ಕೆನ್ನೆಯ ಅಂಟುಪಟ್ಟಿಯನ್ನೂ ನೋಯದಂತೆ ಬಿಡಿಸುತ್ತಾಳೆ. ಯಂತ್ರದ ಕೂಗನ್ನು ನಿಲ್ಲಿಸುತ್ತಾಳೆ. ಮೈಯೊರೆಸಿ, ಬಟ್ಟೆ ಸುತ್ತಿ, ತಾಯಿಯ ಮಡಿಲಿಗಿಡುತ್ತಾಳೆ. ತಾಯಿ ತನ್ನ ಕೂಸನ್ನು ಮೊದಲ ಸಲ ಎತ್ತಿಕೊಳ್ಳುವುದು ಆಗಲೇ ಇರಬಹುದು. ಸ್ವಲ್ಪ ಹೊತ್ತಿನಲ್ಲಿ ಅದೇ ಹಾಸಿಗೆಗೆ ಇನ್ನೊಂದು ಕೂಸು ಬರುತ್ತದೆ. ಅದೇ ಕೈ ಅದನ್ನೂ ನೋಡಿಕೊಳ್ಳಬೇಕು.

ಆದುದರಿಂದ ಮೂರು ಸಂಗತಿಗಳು ಆಗತಕ್ಕವು. ಚಿಕಿತ್ಸೆಯನ್ನು ನಿಲ್ಲಿಸುವ ಸಮಾಲೋಚನೆಯಲ್ಲಿ ದಾದಿಗೂ ಸ್ಥಾನವಿರಬೇಕು. ಕೂಸು ತೀರುವ ಹೊತ್ತಿನಲ್ಲಿ ಆ ದಾದಿಯ ಉಳಿದ ಕೂಸುಗಳನ್ನು ಬೇರೊಬ್ಬಳಿಗೆ ಒಪ್ಪಿಸಿ, ಅವಳನ್ನು ಆ ತಾಯಿಯ ಬಳಿಗೆ ಬಿಟ್ಟುಕೊಡಬೇಕು. ನೋವು ಶಮನ ಮಾಡುವ, ಸಂಕಟದ ಸುದ್ದಿಯನ್ನು ತಿಳಿಸುವ ವಿದ್ಯೆಯನ್ನು, ಉಳಿಸುವ ವಿದ್ಯೆಯಷ್ಟೇ ಆದರದಿಂದ ಕಲಿಸಬೇಕು.

ದಾದಿಯರ ಸಂಖ್ಯೆಯೇ ಸಾಲದಿರುವಲ್ಲಿ ಇದು ಆಗದ ಮಾತೆಂದು ಕೆಲವರು ಹೇಳಿಯಾರು. ಬದುಕುವ ಕೂಸನ್ನು ಬಿಟ್ಟು ಸಾಯುವ ಕೂಸಿನ ಬಳಿ ನಿಲ್ಲುವುದು ನ್ಯಾಯವೇ ಎಂದೂ ಕೇಳಿಯಾರು. ಪ್ರಶ್ನೆ ಹಗುರವಾದುದಲ್ಲ. ಆದರೆ ಆ ಆಯ್ಕೆಯನ್ನು ಒಬ್ಬ ದಾದಿಯ ತಲೆಯ ಮೇಲೆ, ನಡುರಾತ್ರಿಯಲ್ಲಿ, ಹೊರಿಸಿ ಸುಮ್ಮನಿರುವುದಂತೂ ನ್ಯಾಯವಲ್ಲ. ಕೊರತೆ ಅವಳದಲ್ಲ, ನಮ್ಮದು, ತುಂಬಿಕೊಡಬೇಕಾದವರೂ ನಾವೇ.