ಕರಡಿಗೆ ಎಷ್ಟು ತೂಕದ ಗುಂಡು? ನಮಗೆ ಬೇಕಿರೋದು ಹಗಲು ಕರೆಂಟು

ಕಳೆದ ವಾರ ನಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಅಮೆರಿಕದ ಅಲಾಸ್ಕದಲ್ಲಿ ಗಡ್ಡದವನೊಬ್ಬ ಹೊಳೆ ದಂಡೆಯ ಮೇಲೆ ನಿಂತು, ಸಾಲಾಗಿ ಇಟ್ಟ ನೀರಿನ ಕ್ಯಾನುಗಳಿಗೆ ರಿವಾಲ್ವರಿನಿಂದ ಗುಂಡು ಹೊಡೀತಾನೆ. ಯಾವ ಗುಂಡು ಎಷ್ಟು ಕ್ಯಾನು ದಾಟಿತು ಅಂತ ಎಣಿಸ್ತಾನೆ. ಕೊನೆಗೆ ಒಂದು ದಪ್ಪ ಗುಂಡನ್ನು ಕ್ಯಾಮೆರಾ ಮುಂದೆ ಹಿಡಿದು, ಕರಡಿ ಇರುವ ಕಡೆ ಇದೇ ಬೇಕು ಅಂತಾನೆ. ಅದರ ಕೆಳಗೆ ನಮ್ಮ ಚಿಕ್ಕಪ್ಪನ ಮಗ ಬರೆದಿದ್ದ: "ಅಣ್ಣಾ, ಇಂಥದ್ದು ನಮಗೂ ಸಿಗ್ತದಾ? ನೀನು ಪತ್ರಿಕೋದ್ಯಮ ಓದಿದವನು, ಹೇಳು."

ಅವನು ತಮಾಷೆಗೆ ಕೇಳಿದ್ದಲ್ಲ. ಅವರಪ್ಪ, ಅಂದರೆ ನಮ್ಮ ಚಿಕ್ಕಪ್ಪ, ಎರಡು ವರ್ಷದ ಹಿಂದೆ ರಾತ್ರಿ ಮೋಟಾರ್ ಹಾಕೋಕೆ ಹೋಗಿ ಕರಡಿಗೆ ಸಿಕ್ಕವರು. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ. ನಮ್ಮದು ಕೂಡ್ಲಿಗಿ ಸೀಮೆ. ಒಂದು ಕಡೆ 1994ರಲ್ಲಿ ಆದ ದರೋಜಿ ಕರಡಿಧಾಮ, ಇನ್ನೊಂದು ಕಡೆ 2013ರಲ್ಲಿ ಆದ ಗುಡೇಕೋಟೆ ಕರಡಿಧಾಮ, ನಡುವೆ ಕಲ್ಲುಗುಡ್ಡಗಳು, ಗುಡ್ಡದ ಬುಡದಲ್ಲಿ ನಮ್ಮ ಶೇಂಗಾ, ಮೆಕ್ಕೆಜೋಳ. ಧಾಮದ ಗಡಿ ಎಲ್ಲಿ ಮುಗೀತದೆ ಅಂತ ಕರಡಿಗೆ ಯಾರೂ ಹೇಳಿಲ್ಲ.

ಹಾಗಾಗಿ ಅವನ ಪ್ರಶ್ನೆಗೆ ಇಲ್ಲೇ ಉತ್ತರ ಬರೀತಿದ್ದೀನಿ. ಮೊದಲು ಆ ಗಡ್ಡದವನ ಮಾತಲ್ಲಿ ನಿಜ ಎಷ್ಟಿದೆ ನೋಡೋಣ. ಯಾಕಂದ್ರೆ ಅವನು ಹೇಳಿದ್ದು ಸುಳ್ಳಲ್ಲ.

ಅಮೆರಿಕದವರು ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳ್ತಾರೆ. ಗ್ರೇನ್ ಅಂದರೆ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಬಂಗಾರ ತೂಗುತ್ತಿದ್ದ ಹಾಗೇ ಇದೂ. 180 ಗ್ರೇನ್ ಸೇರಿದರೆ ಸರಿಯಾಗಿ ಒಂದು ತೊಲ. ಅಲಾಸ್ಕದಲ್ಲಿ ಮೀನು ಹಿಡಿಯುವವರು, ಬೇಟೆಗಾರರಿಗೆ ದಾರಿ ತೋರಿಸುವ ಗೈಡುಗಳು ಸೊಂಟಕ್ಕೆ ಕಟ್ಟಿಕೊಳ್ಳುವ .44 ಮ್ಯಾಗ್ನಮ್ ರಿವಾಲ್ವರಿಗೆ ಸುಮಾರು 300 ಗ್ರೇನಿನ ಗುಂಡು ಹಾಕ್ತಾರೆ. ಅಂದರೆ ಒಂದೂ ಮುಕ್ಕಾಲು ತೊಲದ ಹತ್ತಿರ ಸೀಸ. ಅದು ಬರೀ ಮೆತ್ತನೆ ಸೀಸ ಅಲ್ಲ. ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿ ಎರಕ ಹೊಯ್ದದ್ದು. ಮೂತಿ ಚೂಪಾಗಿರದೆ ಚಪ್ಪಟೆಯಾಗಿರ್ತದೆ.

ಯಾಕೆ ಹೀಗೆ? ಮನುಷ್ಯರಿಂದ ರಕ್ಷಣೆಗೆ ಅಂತ ಮಾರುವ ಗುಂಡಿನ ಮೂತಿಯಲ್ಲಿ ಒಂದು ತೂತು ಇರ್ತದೆ. ಮೈಗೆ ಹೊಕ್ಕ ತಕ್ಷಣ ಅದು ಹೂವಿನ ಹಾಗೆ ಅರಳಿ ಅಲ್ಲೇ ನಿಲ್ತದೆ. ಅಲಾಸ್ಕದ ಕಂದು ಕರಡಿಯಲ್ಲಿ ದೊಡ್ಡ ಗಂಡು 400 ಕಿಲೋ ದಾಟ್ತದೆ. ದಪ್ಪ ಕೂದಲು, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಮಾಂಸಖಂಡ, ಆಮೇಲೆ ಮೂಳೆ. ಅರಳುವ ಗುಂಡು ಕೊಬ್ಬಲ್ಲೋ ಮಾಂಸದಲ್ಲೋ ನಿಂತರೆ ಕರಡಿಗೆ ಸಿಟ್ಟು ಬರ್ತದೆ ಅಷ್ಟೆ, ಅದು ನಿಲ್ಲಲ್ಲ. ಭಾರವಾದ ಗಟ್ಟಿ ಗುಂಡು ಅರಳದೆ, ಮೂಳೆ ಒಡೆದು, ನೇರವಾಗಿ ಒಳಗೆ ಹೋಗ್ತದೆ. ಕ್ಯಾನು ಎಣಿಸುವ ಆಟದ ಅರ್ಥ ಇದೇ. ಹಾರೆಯ ಕೆಲಸಕ್ಕೆ ಗುದ್ದಲಿ ಆಗಲ್ಲ ಅಂತ ನಾವು ಹೇಳೋ ಹಾಗೆ.

ಭಾರ ಹೆಚ್ಚಿದಷ್ಟೂ ಒಳ್ಳೆಯದಾ ಅಂದರೆ, ಹಾಗೂ ಅಲ್ಲ. 2003ರಲ್ಲಿ ಬಂದ .500 ಅನ್ನೋ ರಿವಾಲ್ವರು ಇನ್ನೂ ದೊಡ್ಡ ಗುಂಡು ಹಾರಿಸ್ತದೆ. ಉದ್ದ ನಳಿಗೆಯದು ಗುಂಡು ಹಾಕದೇನೇ ಎರಡು ಕಿಲೋ ತೂಗ್ತದೆ. ಒಂದು ಸಲ ಹೊಡೆದರೆ ಕೈ ಮೇಲಕ್ಕೆ ಎಗರ್ತದೆ. ಅದು ಇಳಿದು ಎರಡನೇ ಸಲ ಗುರಿ ಹಿಡಿಯೋ ಹೊತ್ತಿಗೆ ಕರಡಿ ಮೈಮೇಲಿರ್ತದೆ. ತಾನು ಎಷ್ಟು ತಡೆದುಕೊಂಡು ಸರಿಯಾಗಿ ಹೊಡೆಯಬಲ್ಲೆನೋ ಅಷ್ಟೇ ತೂಕ ಹಿಡಿ ಅಂತ ಅಲ್ಲಿನ ಅನುಭವಿಗಳೇ ಹೇಳ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಗನ್ನು ಉಳಿಸ್ತದಾ? ಇದನ್ನು ಅಲ್ಲಿಯವರೇ ಕೂತು ಎಣಿಸಿದ್ದಾರೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಲಾಸ್ಕದಲ್ಲಿ ಬಂದೂಕು ಇದ್ದವರಿಗೂ ಕರಡಿಗೂ ಮುಖಾಮುಖಿಯಾದ 269 ಘಟನೆಗಳನ್ನು ಕಲೆಹಾಕಿ 2012ರಲ್ಲಿ ಪ್ರಕಟಿಸಿದರು. ರಿವಾಲ್ವರ್, ಪಿಸ್ತೂಲು ಬಳಸಿದವರಲ್ಲಿ ನೂರಕ್ಕೆ 84 ಸಲ ಕರಡಿ ನಿಂತಿತ್ತು, ಉದ್ದ ಬಂದೂಕಿನಲ್ಲಿ 76 ಸಲ. ಕೇಳೋಕೆ ಚೆನ್ನಾಗಿದೆ. ಆದರೆ ಗನ್ನು ಹಾರಿಸಿದವರಿಗೂ ಹಾರಿಸದೇ ಇದ್ದವರಿಗೂ ಗಾಯ ಆಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗನ್ನು ಸೋತ ಕಡೆ ದೊಡ್ಡ ಕಾರಣ ಗುಂಡಿನ ತೂಕ ಅಲ್ಲ, ಹೊರಗೆ ತೆಗೆಯೋಕೆ ಪುರುಸೊತ್ತೇ ಸಿಗದಿದ್ದದ್ದು. ಅದಕ್ಕಿಂತ ಮುಂಚೆ 2008ರಲ್ಲಿ ಅದೇ ತಂಡ ಖಾರದ ಸ್ಪ್ರೇ ಬಗ್ಗೆ ಬರೆದಿತ್ತು. ಕಂದು ಕರಡಿಯ ಉಪಟಳ ನೂರಕ್ಕೆ 92 ಸಲ ಸ್ಪ್ರೇಗೆ ನಿಂತಿದೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು, ಗನ್ನಿನಿಂದ ಸದ್ದಿಲ್ಲದೆ ಉಳಿದವರು ಎಲ್ಲೂ ದಾಖಲಾಗಿರಲ್ಲ ಅಂತ ಗನ್ನಿನ ಪರದವರು ತಕರಾರು ಮಾಡ್ತಾರೆ. ತಕರಾರಲ್ಲಿ ಹುರುಳಿದೆ. ಆದರೂ ಪುರುಸೊತ್ತು ಸಿಗಲ್ಲ ಅನ್ನೋ ಮಾತು ಸುಳ್ಳಾಗಲ್ಲ. (ಪೇಟೆಯಲ್ಲಿ ಹೆಣ್ಣುಮಕ್ಕಳು ಪರ್ಸಿನಲ್ಲಿ ಇಟ್ಟುಕೊಳ್ಳೋ ಸಣ್ಣ ಪೆಪ್ಪರ್ ಸ್ಪ್ರೇ ಇದಲ್ಲ. ಕರಡಿ ಸ್ಪ್ರೇ ಏಳೆಂಟು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುವ ದೊಡ್ಡ ಡಬ್ಬಿ.)

ಈಗ ನಮ್ಮ ಊರಿಗೆ ಬರೋಣ.

ನಮ್ಮಲ್ಲಿ ಸಾಮಾನ್ಯ ಮನುಷ್ಯ ಡಿ.ಸಿ. ಆಫೀಸಿಗೆ ಅರ್ಜಿ ಹಾಕಿ, ಪೊಲೀಸ್ ವರದಿ ಆಗಿ, ಲೈಸೆನ್ಸ್ ಸಿಕ್ಕರೂ ಕೈಗೆ ಬರೋದು ಹೆಚ್ಚಾಗಿ .32 ರಿವಾಲ್ವರು. ಅದರ ಗುಂಡು 98 ಗ್ರೇನ್, ಅರ್ಧ ತೊಲಕ್ಕಿಂತ ಸ್ವಲ್ಪ ಜಾಸ್ತಿ. ಅಲಾಸ್ಕದವನ ಗುಂಡಿನ ಹೊಡೆತ ಇದರ ಎಂಟು-ಹತ್ತು ಪಟ್ಟು. ಹೊರದೇಶದ ಗನ್ ತರಿಸೋಕೆ ದಶಕಗಳಿಂದ ಬಿಗಿ ನಿರ್ಬಂಧ ಇದೆ. ಒಳ್ಳೆ ಎಮ್ಮೆಯ ಬೆಲೆ ಕೊಟ್ಟು .32 ತಂದು ಕರಡಿ ಮುಂದೆ ನಿಲ್ಲೋದು ಬುದ್ಧಿವಂತಿಕೆ ಅಲ್ಲ. ಬೆಳೆ ಕಾಯೋಕೆ ಕೊಡುವ ನಾಡಬಂದೂಕು ಬೇರೆ ಇದೆ. ನಳಿಗೆ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಒಂದು ಸಲ ಹೊಡೆದರೆ ಮುಗೀತು, ಮತ್ತೆ ಮೊದಲಿಂದ. ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಯಾರಾದರೂ ಕೇಳ್ತೀರಿ. ಅದು ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಇರುವ ಹಳೆಯ ಹಕ್ಕು. ನಮ್ಮ ಸೀಮೆಗೆ ಅದು ಬರಲ್ಲ.

ಕಾನೂನಿನ ಮಾತೂ ಹೇಳಿಬಿಡ್ತೀನಿ, ಯಾಕಂದ್ರೆ ಊರಲ್ಲಿ ಇದರ ಬಗ್ಗೆ ಭಯ ಜಾಸ್ತಿ. ಕರಡಿ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆ, ಹುಲಿಯ ಸಾಲಿನಲ್ಲೇ. ಆದರೆ ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸೋಕೆ ಪ್ರಾಮಾಣಿಕವಾಗಿ ಹೊಡೆದರೆ ಅಪರಾಧ ಅಲ್ಲ. ಕಾಯ್ದೆ ಮುರಿಯುವ ಬೇರೆ ಕೆಲಸದಲ್ಲಿ ಇದ್ದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಅದನ್ನು ಮುಚ್ಚಿಡಬಾರದು.

ಈಗ ಚಿಕ್ಕಪ್ಪನ ರಾತ್ರಿ. ಆವತ್ತು ಕರೆಂಟು ಬಂದದ್ದು ಒಂದು ಗಂಟೆಗೆ. ಎಡಗೈಯಲ್ಲಿ ಬ್ಯಾಟರಿ, ಬಲಗೈಯಲ್ಲಿ ಗೇಟ್‌ವಾಲ್ ತಿರುಗಿಸೋ ಪಾನಾ. ಮೆಕ್ಕೆಜೋಳ ತಲೆ ಮಟ್ಟ ಬೆಳೆದಿತ್ತು. ಬದುವಿನ ತಿರುವಿನಲ್ಲಿ ಹುತ್ತ ಅಗೆಯುತ್ತಿದ್ದ ಕರಡಿಗೂ ಇವರಿಗೂ ನಡುವೆ ಎಷ್ಟಿತ್ತು ಅಂತ ನಾನು ಎಷ್ಟೋ ಸಲ ಕೇಳಿದ್ದೀನಿ. "ಎತ್ತು ಕಟ್ಟೋ ಹಗ್ಗದಷ್ಟು ಕಣಪ್ಪ" ಅಂತಾರೆ. ಅದು ಉಸಿರೆಳೆದು ಗೆದ್ದಲು ಹೀರುವ ಸದ್ದಲ್ಲಿ ಅದಕ್ಕೆ ಇವರು ಬಂದದ್ದು ಕೇಳಿಲ್ಲ, ಮೋಟಾರ್ ಯೋಚನೆಯಲ್ಲಿ ಇವರಿಗೆ ಅದು ಕೇಳಿಲ್ಲ. ಬೆಳಕು ಬಿತ್ತು, ಅದು ಎದ್ದು ನಿಂತಿತು, ಮುಖಕ್ಕೇ ಬಂತು. ಸೊಂಟದಲ್ಲಿ ಅಲಾಸ್ಕದವನ ರಿವಾಲ್ವರೇ ಇದ್ದಿದ್ದರೂ ಯಾವ ಕೈಯಿಂದ ತೆಗೀಬೇಕಿತ್ತು?

ನಮ್ಮ ಕರಡಿ ಅಲಾಸ್ಕದ ಕರಡಿಯಲ್ಲ. ತೂಕ ನೂರು ಕಿಲೋ ಆಸುಪಾಸು, ದೊಡ್ಡ ಗಂಡು 140 ಮುಟ್ಟಬಹುದು. ಅದಕ್ಕೆ ನಮ್ಮನ್ನು ತಿನ್ನೋ ಆಸೆ ಇಲ್ಲ. ಗೆದ್ದಲು, ಇರುವೆ, ಜೇನು, ಹಣ್ಣು ಅದರ ಊಟ. ಆದರೆ ಹುಲಿ ಇದ್ದ ಕಾಡಲ್ಲಿ ಬೆಳೆದ ಜಾತಿ ಅದು. ಮರ ಹತ್ತಿ ತಪ್ಪಿಸಿಕೊಂಡರೆ ಚಿರತೆ ಅಲ್ಲಿಗೂ ಬರ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಓಡಿ ಗೆಲ್ಲೋ ಹಾಗಿಲ್ಲ. ಅದಕ್ಕೇ ಹತ್ತಿರದಲ್ಲಿ ಬೆಚ್ಚಿದರೆ ಓಡೋ ಬದಲು ಮೊದಲು ತಾನೇ ಹೊಡೀತದೆ, ತಲೆ-ಮುಖ ನೋಡಿ ಹೊಡೀತದೆ. ಹಾಗಾಗಿ ಕೆಲಸ ಮಾಡೋದು ಏನಿದ್ದರೂ ಅದು ಬೆಚ್ಚೋಕೆ ಮುಂಚೆ ಮಾಡಬೇಕು. ನಮ್ಮ ಕುರಿಗಾರರಿಗೆ ಇದು ಗೊತ್ತಿದೆ. ಗುಡ್ಡದ ಹಾದಿಯಲ್ಲಿ ಕೂಗುತ್ತಾ, ಕೆಮ್ಮುತ್ತಾ ಹೋಗ್ತಾರೆ, ಒಬ್ಬರೇ ಹೋಗಲ್ಲ. ಕೋಲಿಗೆ ಎತ್ತಿನ ಗೆಜ್ಜೆ ಕಟ್ಟಿಕೊಂಡರೆ ಇನ್ನೂ ವಾಸಿ. ಫೋನಿನಲ್ಲಿ ಹಾಡು ಹಾಕಿ ಜೇಬಲ್ಲಿ ಇಟ್ಟುಕೊಂಡರೂ ಆಯ್ತು, ಕಿವಿಗೆ ಇಯರ್‌ಫೋನ್ ಮಾತ್ರ ಬೇಡ. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಕತ್ತಿನ ಹಿಂದೆ ಎರಡೂ ಕೈ ಹೆಣೆದು, ಮುಖ ನೆಲಕ್ಕೆ ಒತ್ತಿಕೊಳ್ಳಿ. ಕೈ ಹೋದರೂ ಕಣ್ಣು ಉಳೀತದೆ.

ಇನ್ನು ನಾನು ಹೇಳಬೇಕಾದ ಮುಖ್ಯ ಮಾತು. ರಾತ್ರಿ ಒಂದು ಗಂಟೆಗೆ ಐವತ್ತೈದು ವರ್ಷದ ರೈತ ಮೆಕ್ಕೆಜೋಳದ ನಡುವೆ ಯಾಕೆ ಇದ್ದ? ಕರಡಿ ನೋಡೋಕಲ್ಲ, ಕಳ್ಳ ಬೇಟೆಗೂ ಅಲ್ಲ. ತ್ರೀ ಫೇಸ್ ಬಂದದ್ದು ಆಗ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅಂತ ಸರ್ಕಾರ ಹೇಳ್ತದೆ. ಅದನ್ನು ಪಾಳಿ ಮೇಲೆ ಹಂಚಿ, ಒಂದು ವಾರ ಹಗಲು, ಒಂದು ವಾರ ರಾತ್ರಿ, ಕೆಲವು ಕಡೆ ಅರ್ಧ ಹಗಲು ಅರ್ಧ ರಾತ್ರಿ ಮಾಡ್ತಾರೆ. ಕರಡಿ ಗುಡ್ಡದಿಂದ ಇಳಿಯೋದು ಸಂಜೆ ಮೇಲೆ, ಹತ್ತೋದು ಬೆಳಗಿನ ಜಾವ. ನಮ್ಮನ್ನೂ ಅದನ್ನೂ ಒಂದೇ ಹೊತ್ತಿಗೆ ಒಂದೇ ಬದುವಿನ ಮೇಲೆ ತಂದು ನಿಲ್ಲಿಸೋದು ಆ ಪಾಳಿ ಚೀಟಿ.

ಆಟೋ ಸ್ಟಾರ್ಟರ್ ಹಾಕಿಸಿ ಅಂತ ಆಫೀಸಿನಲ್ಲಿ ಕೂತವರು ಹೇಳ್ತಾರೆ. ಮೋಟಾರ್ ತಾನೇ ಚಾಲೂ ಆಗಬಹುದು. ಗೇಟ್‌ವಾಲ್ ತಿರುಗಿಸೋರು ಯಾರು? ಒಡೆದ ಪೈಪು ನೋಡೋರು ಯಾರು? ಹೋಗಲೇಬೇಕು.

ಕರಡಿ ಓಡಾಡೋ ಊರುಗಳು ಯಾವುವು ಅಂತ ಅರಣ್ಯ ಇಲಾಖೆಗೆ ಗೊತ್ತು, ಪರಿಹಾರದ ಅರ್ಜಿಗಳೇ ಅವರ ಹತ್ತಿರ ಇವೆ. ಯಾವ ಫೀಡರ್ ಯಾವ ಊರಿಗೆ ಅಂತ ವಿದ್ಯುತ್ ಕಂಪನಿಗೆ ಗೊತ್ತು. ಎರಡು ಪಟ್ಟಿ ಒಂದು ಮೇಜಿನ ಮೇಲೆ ಇಟ್ಟು, ಆ ಫೀಡರುಗಳಿಗೆ ಹಗಲು ಮಾತ್ರ ತ್ರೀ ಫೇಸ್ ಅಂತ ಗೆರೆ ಎಳೆಯೋಕೆ ಎಷ್ಟು ದಿನ ಬೇಕು? 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರಿಗೆ ಸೋಲಾರ್ ಜೋಡಿಸೋ ಅವಕಾಶವೂ ಇದೆ. ಸೋಲಾರ್ ಅಂದರೆ ಹಗಲೇ. ಅದು ಮೊದಲು ಬರಬೇಕಾದ್ದು ಕರಡಿಧಾಮದ ಅಂಚಿನ ಊರಿಗೆ.

ಇದು ತಾನಾಗಿ ಆಗಲ್ಲ, ಕಾಗದದ ಮೇಲೆ ಬರಬೇಕು. ಯಾರಿಗಾದರೂ ಕರಡಿ ಹೊಡೆದರೆ ಪರಿಹಾರದ ಅರ್ಜಿಯಲ್ಲಿ "ಹೊಲಕ್ಕೆ ಹೋದಾಗ" ಅಂತ ಬರೆಸಿ ಸುಮ್ಮನಾಗಬೇಡಿ. ಎಷ್ಟು ಗಂಟೆಗೆ, ಯಾವ ಫೀಡರ್, ಪಂಪ್‌ಸೆಟ್ಟಿನ ಆರ್.ಆರ್. ನಂಬರ್ ಏನು, ಕರೆಂಟು ಎಷ್ಟು ಹೊತ್ತಿಗೆ ಕೊಟ್ಟಿದ್ದರು, ಎಲ್ಲ ಬರೆಸಿ. ನಮ್ಮ ಚಿಕ್ಕಪ್ಪನ ಕಾಗದದಲ್ಲಿ ಅದು ಇಲ್ಲ, ಆಗ ನಮಗೂ ಹೊಳೆದಿರಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಹಗಲು ಕರೆಂಟಿನ ಠರಾವು ಮಾಡಿಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಇದನ್ನೆಲ್ಲ ನಮ್ಮ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಸರಿ ಅಣ್ಣಾ, ಠರಾವು ಆಗ್ಲಿ. ಈ ವಾರ ನಮ್ಮ ಫೀಡರಿಗೆ ರಾತ್ರಿ ಹನ್ನೊಂದರಿಂದ ಕೊಡ್ತಾರಂತೆ" ಅಂದ. ಶನಿವಾರ ನಾನೂ ಊರಿಗೆ ಹೋಗ್ತಿದ್ದೀನಿ. ಕೊಟ್ಟಿಗೆ ಗೂಟದಲ್ಲಿ ಹಳೇ ಎತ್ತಿನ ಗೆಜ್ಜೆಸರ ಇನ್ನೂ ಇದೆಯಂತೆ, ಕೋಲಿಗೆ ಕಟ್ಟಿ ಇಟ್ಟಿರು ಅಂತ ಹೇಳಿದ್ದೀನಿ.